ಮಾವನ ಮನೆಯ ವಾಟ

ನನ್ನ ಸೋದರಮಾವ ಹಿರಿಯೂರಿನಲ್ಲಿ ಮನೆ ಕಟ್ಟಿಸಿದರು ಎಂದು ನಮ್ಮ ಬಳಗವೆಲ್ಲ ಹೇಳಿಕೊಂಡು ತಿರುಗುತ್ತಿದೆ. ಶುದ್ಧ ಸುಳ್ಳು! ಅವರು ಕಟ್ಟಿಸಿದ್ದು ನೀರಿಗೊಂದು ದಾರಿಯನ್ನು. ಆ ದಾರಿಯ ಅಕ್ಕಪಕ್ಕ ಮಿಕ್ಕಿದ ಜಾಗದಲ್ಲಿ ಒಂದಷ್ಟು ಗೋಡೆ ನಿಲ್ಲಿಸಿ, ಮೇಲೊಂದು ತಾರಸಿ ಹಾಸಿದರು. ಅದರೊಳಗೆ ಮನುಷ್ಯರೂ ವಾಸ ಮಾಡಬಹುದು ಎನ್ನುವುದು ಆಮೇಲೆ ಹೊಳೆದ ವಿಚಾರ.

ಇದನ್ನು ನಾನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಚಿತ್ರದುರ್ಗದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ವೇದಿಕೆ ಸವೆಸಿದ ಹುಡುಗಿ ನಾನು. ವಿಜ್ಞಾನ ವರ ಎಂದು ಬೆಳಿಗ್ಗೆ ವಾದಿಸಿ, ಅದೇ ವಿಜ್ಞಾನ ಶಾಪ ಎಂದು ಮಧ್ಯಾಹ್ನ ವಾದಿಸಿ, ಒಂದೇ ದಿನ ಬಹುಮಾನದ ಎರಡು ಕಪ್ಪು ಮನೆಗೆ ತಂದವಳು. ದೇವರ ಮುಂದೆ ನಿಂತು "ಆಧಾರ ಎಲ್ಲಿದೆ?" ಎಂದು ಕೇಳಿ ಅಜ್ಜಿಯ ಕೈಲಿ ಬೈಸಿಕೊಂಡವಳು. ದೇವರನ್ನೇ ಬಿಡದವಳು ಮಾವನನ್ನು ಬಿಡುತ್ತೇನೆಯೇ? ಆದ್ದರಿಂದ ಆಧಾರಸಮೇತ ಹೇಳುತ್ತೇನೆ, ಕೇಳಿ.

ಮಾವ ಮಾರಿಕಣಿವೆ ಜಲಾಶಯದ ನಾಲೆಯ ಮೇಲೆ ಇಪ್ಪತ್ತಾರು ವರ್ಷ ನೀರುಗಂಟಿಯಾಗಿದ್ದವರು. ತೂಬು ಎತ್ತುವುದು, ತೂಬು ಇಳಿಸುವುದು, ಯಾವ ಹೊಲಕ್ಕೆ ಯಾವಾಗ ನೀರು ಎಂದು ಸರದಿ ನಡೆಸುವುದು, ಇಷ್ಟೇ ಕೆಲಸ. ಸರದಿಯ ವಿಷಯದಲ್ಲಿ ಅವರದೊಂದು ಹಟವಿತ್ತು. ನಾಲೆಯ ಕಟ್ಟಕಡೆಯ ಹೊಲಕ್ಕೆ ಮೊದಲು ನೀರು. ತೂಬಿನ ಪಕ್ಕದ ಹೊಲಕ್ಕೆ ಎಲ್ಲರದೂ ಆದ ಮೇಲೆ. "ತೂಬಿನ ಪಕ್ಕದೋನು ಹೆಂಗಾದ್ರೂ ಬದುಕ್ತಾನೆ ಕಣಲೇ, ಅವನ ಹೊಲಕ್ಕೆ ಸೋರಿದ್ ನೀರೇ ಸಾಕು. ಕೊನೇಲಿರೋನು ಏನು ಮಾಡ್ಬೇಕು?" ಎನ್ನುವುದು ಅವರ ವಾದ. ತೂಬಿನ ಪಕ್ಕದವರು ದೊಡ್ಡ ಕುಳಗಳು, ಮೇಲಿನವರಿಗೆ ಅರ್ಜಿ ಬರೆದರು, ಮನೆಗೆ ಬಂದು ಬೈದರು. ಮಾವ ಜಗ್ಗಲಿಲ್ಲ.

ಮನುಷ್ಯರು ಹೇಳಿದ್ದನ್ನು ಮಾವ ಅಷ್ಟಾಗಿ ನಂಬುವುದಿಲ್ಲ. ನೀರು ಹೇಳಿದ್ದನ್ನು ನಂಬುತ್ತಾರೆ. ನೀರು ಹೇಳುವುದು ಒಂದೇ ವಿಷಯ: ವಾಟ. ವಾಟ ಎಂದರೆ ನೀರು ತಾನಾಗಿ ಹರಿದುಹೋಗಲೆಂದು ನೆಲಕ್ಕೆ ಕೊಡುವ ಸಣ್ಣ ಇಳಿಜಾರು. ಗಾರೆಯವರು ಬಚ್ಚಲಿಗೆ ಕೊಡುತ್ತಾರೆ, ತಾರಸಿಗೆ ಕೊಡುತ್ತಾರೆ. ನಮ್ಮ ಮಾವ ಕುಂತ ಕಡೆ, ನಿಂತ ಕಡೆಯೆಲ್ಲ ಅದನ್ನೇ ಹುಡುಕುತ್ತಾರೆ.

ಒಂದು ಸಲ ಹೊಳಲ್ಕೆರೆಯಲ್ಲಿ ಮದುವೆ. ನೆಲದ ಮೇಲೆ ಪಂಕ್ತಿ ಕುಳಿತಿದ್ದೇವೆ. ಮುತ್ತುಗದ ಎಲೆಗೆ ಸಾರು ಬಿತ್ತು. ಎಲ್ಲರೂ ಅನ್ನದಲ್ಲಿ ಕಟ್ಟೆ ಕಟ್ಟಿ ಸಾರನ್ನು ಹಿಡಿದರೆ, ಮಾವ ಕೈಕಟ್ಟಿ ಕುಳಿತು ಅದು ಎತ್ತ ಹೋಗುತ್ತದೆಂದು ಬಗ್ಗಿ ನೋಡಿದರು. ಸಾರು ಎಲೆ ದಾಟಿ ಪಕ್ಕದವರ ಪಂಚೆಯ ಕಡೆಗೆ ಹೊರಟಿತು. ಪಕ್ಕದವರು ಬೀಗರ ಪೈಕಿ!

"ಏನ್ರೀ ಇದು?" ಎಂದು ಅವರು ಹಾರಿ ಕುಳಿತರು.

"ಗಾಬ್ರಿ ಆಗ್ಬೇಡ್ರಿ. ಈ ಛತ್ರ ನಿಮ್ಮ ಕಡೆಗೆ ಒಂದ್ ಬೆರಳು ವಾಟ ಐತೆ. ಪಾಯಸ ಬರೋದ್ರೊಳಗೆ ಎದ್ದು ಈ ಕಡೆ ಬಂದು ಕುಂತ್ಕಳ್ರಿ. ನಾನು ಆ ಕಡೆ ಹೋಗ್ತೀನಿ. ನಿಮ್ ಪಂಚೆ ಉಳೀತೈತೆ."

ಆ ಮನುಷ್ಯ ಉಪಕಾರ ಸ್ಮರಿಸುತ್ತ ಜಾಗ ಬದಲಾಯಿಸಿಕೊಂಡ. ಪಾಯಸ ಬಂತು. ಬೀಗರ ಎಲೆಯಿಂದ ಅರ್ಧ ಪಾಯಸ ಮೆಲ್ಲಗೆ ಹರಿದು ಮಾವನ ಎಲೆಗೆ ಬಂತು. ಇಂಥವರನ್ನು ಹುಚ್ಚರು ಎಂದು ಕರೆಯುವುದಾದರೂ ಹೇಗೆ?

ಇನ್ನು ಅತ್ತೆ, ಮಾವನ ಹೆಂಡತಿ. ಜಿಲ್ಲೆಯಲ್ಲೇ ಅಷ್ಟು ನೀರು ಇನ್ನೆಲ್ಲೂ ಇಲ್ಲ, ಅಂಥ ನೀರಿನ ಪಕ್ಕ ಇಪ್ಪತ್ತಾರು ವರ್ಷ ಸಂಸಾರ ಮಾಡಿದವರು. ಆದರೆ ಅವರಿದ್ದ ಕ್ವಾರ್ಟರ್ಸಿಗೆ ನಲ್ಲಿ ಇರಲಿಲ್ಲ. ಮನೆ ದಿಣ್ಣೆಯ ಮೇಲೆ, ನಾಲೆ ಕೆಳಗೆ, ನಡುವೆ ಹನ್ನೆರಡು ಕಲ್ಲಿನ ಮೆಟ್ಟಿಲು. ಮಾವ ತೂಬಿನ ಹತ್ತಿರ ನಿಂತು ಕಣ್ಣು ಹರಿಯುವಷ್ಟು ದೂರ ನೀರು ಬಿಡುತ್ತಿದ್ದರೆ, ಅತ್ತೆ ಅದೇ ನೀರನ್ನು ಕೊಡದಲ್ಲಿ ತುಂಬಿ, ಸೊಂಟದ ಮೇಲಿಟ್ಟು, ಹನ್ನೆರಡು ಮೆಟ್ಟಿಲು ಹತ್ತುತ್ತಿದ್ದರು. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ಮುಸುರೆಗೆ. ಒಂದು ಮಳೆಗಾಲ ಪಾಚಿಯ ಮೇಲೆ ಜಾರಿ ಬಿದ್ದು ಎಡಗೈಯ ಮಣಿಕಟ್ಟು ಮುರಿಯಿತು. ಅದು ಕೂಡಿಕೊಂಡಿದ್ದು ಸೊಟ್ಟಗೆ. "ನಾನೇನು ಕುರುಡೀನಾ? ನೋಡ್ಕಂಡೇ ಹತ್ತಿದ್ದೆ. ಮೆಟ್ಲು ಒದ್ದೆ ಐತೆ ಅಂತ ಹೇಳೋರು ಯಾರೂ ಇರ್ಲಿಲ್ಲ, ಅಷ್ಟೇಯ" ಎಂದು ಅತ್ತೆ ನಗುತ್ತಲೇ ಹೇಳುತ್ತಾರೆ. ಅತ್ತೆ ಆ ಕಥೆ ಹೇಳುವಾಗ ಮಾವ ಎದ್ದು ಹೊರಗೆ ಹೋಗುತ್ತಾರೆ. ಯಾಕೆ ಎಂದು ನಾನು ಎಂದೂ ಕೇಳಿರಲಿಲ್ಲ. ನನಗೆ ಪ್ರಶ್ನೆ ಕೇಳುವುದು ವಾದ ಗೆಲ್ಲುವುದಕ್ಕೆ ಮಾತ್ರ ಗೊತ್ತಿತ್ತು.

ಮಾವ ನಿವೃತ್ತರಾದ ದಿನ ದೊಡ್ಡ ಹಾರ ಹಾಕಿದರು. ಸಾವಿರಾರು ಎಕರೆಗೆ ನೀರು ಕೊಟ್ಟ ಪುಣ್ಯಾತ್ಮರು ಎಂದು ಭಾಷಣ ಮಾಡಿದರು. ಮನೆಗೆ ಬಂದು ಹಾರವನ್ನು ಮೊಳೆಗೆ ನೇತುಹಾಕುತ್ತ ಅತ್ತೆ ಅಂದರು:

"ಸಾವಿರಾರು ಎಕ್ರೆಗೆ ಕೊಟ್ರಿ. ನನ್ನ ಒಲೆ ಮುಂದಕ್ಕೆ ಒಂದು ಚೊಂಬು ಬರ್ಲಿಲ್ಲ ನೋಡ್ರಿ."

ನಾವೆಲ್ಲ ನಕ್ಕೆವು. ಅತ್ತೆಯೂ ನಕ್ಕರು. ಮಾವ ನಗಲಿಲ್ಲ. ಮಾರನೆಯ ದಿನ ಹಿರಿಯೂರಿನ ಬಸ್ಸು ಹತ್ತಿ ಹೋಗಿ ನಿವೇಶನ ನೋಡಿಕೊಂಡು ಬಂದರು.

ಎಂಥ ನಿವೇಶನ! ಊರಿನ ಕೊನೆಯ ಬೀದಿ, ಬೀದಿಯ ಕೊನೆಯ ಸೈಟು. ರಸ್ತೆಯಿಂದ ಹಿಂದಕ್ಕೆ ಹೋದ ಹಾಗೆ ನೆಲ ಇಳಿದು ಇಳಿದು ಹಳ್ಳ. ಅಕ್ಕಪಕ್ಕದವರೆಲ್ಲ ಗಾಡಿಗಟ್ಟಲೆ ಮಣ್ಣು ಹೊಡೆಸಿ, ಸೈಟು ತುಂಬಿಸಿ, ರಸ್ತೆಗಿಂತ ಎತ್ತರಕ್ಕೆ ಮನೆ ಎಬ್ಬಿಸುತ್ತಿದ್ದರು. ಮಾವ ಒಂದು ಬುಟ್ಟಿ ಮಣ್ಣನ್ನೂ ಹಾಕಿಸಲಿಲ್ಲ.

ಗಾರೆ ಮೇಸ್ತ್ರಿ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೇಳಿದ: "ಯಜಮಾನ್ರೆ, ಹಿಂಗಾದ್ರೆ ಅಡಿಗೆಮನೆ ರಸ್ತೆಗಿಂತ ಮೂರು ಮೆಟ್ಲು ಕೆಳಗೆ ಹೋಗ್ತೈತೆ. ಬಾವೀಲಿ ಅಡಿಗೆ ಮಾಡ್ತಾರೆ ಅಂತ ಜನ ನಗ್ತಾರೆ."

"ನಗ್ಲಿ ಬಿಡಪ್ಪ. ನಗೋರ ನಲ್ಲೀಲಿ ನೀರು ಬರ್ತೈತಾ ಅಂತ ಆಮೇಲೆ ನೋಡಾಣ."

ಮಾವನ ಲೆಕ್ಕ ಇದು. ಬೀದಿಯ ಕೊಳವೆ ನಮ್ಮ ಸೈಟಿನ ಮುಂದೆ ಮುಗಿಯುತ್ತದೆ. ಅಷ್ಟು ದೂರ ಬಂದ ನೀರಿಗೆ ಮೇಲೇರುವ ಶಕ್ತಿ ಉಳಿದಿರುವುದಿಲ್ಲ, ಇಳಿಯುವ ಶಕ್ತಿ ಮಾತ್ರ ಇರುತ್ತದೆ. ಆದ್ದರಿಂದ ಅಡಿಗೆಮನೆ ಕೆಳಗಿರಬೇಕು.

ನಾನು ರಜೆಗೆ ಬಂದಿದ್ದೆ. ಬಿಡುತ್ತೇನೆಯೇ?

"ಮಾವ, ನಾಲೆ ಬೇರೆ, ಪೈಪು ಬೇರೆ. ಪೈಪಿನಲ್ಲಿ ನೀರಿಗೆ ಒತ್ತಡ ಇರ್ತೈತೆ. ಮೇಲಕ್ಕೂ ಏರ್ತೈತೆ. ಇದು ವಿಜ್ಞಾನ."

"ಒತ್ತಡ ಯಾರು ಕೊಡ್ತಾರೆ ಲಾಯರಮ್ಮ?"

"ಊರಿನ ದೊಡ್ಡ ಟ್ಯಾಂಕು."

"ಆ ಟ್ಯಾಂಕಿಂದ ನಮ್ಮ ಸೈಟಿಗೆ ಬರೋ ದಾರೀಲಿ ಎಷ್ಟು ಮನೆ ಅವೆ?"

"ಇರಬಹುದು, ಇನ್ನೂರು ಮುನ್ನೂರು."

"ಮುನ್ನೂರು ಜನ ಕೈ ಹಾಕಿ ಬಿಟ್ಟ ಮೇಲೆ ಉಳಿಯೋ ಒತ್ತಡಕ್ಕೆ ನಿಮ್ಮ ವಿಜ್ಞಾನದಾಗೆ ಏನಂತಾರೆ?"

"ಅದು ವಿಷಯಾಂತರ" ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಚರ್ಚಾಪಟುಗಳು ಹಾಗೆಯೇ ಹೇಳುವುದು.

ಸಿಮೆಂಟಿಗೆ ಪರ್ಮಿಟ್ಟು ಸಿಗುವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು ನೋಡಿ, ಆ ಕಾಯುವ ಹೊತ್ತನ್ನು ಮಾವ ಹಾಳು ಮಾಡಲಿಲ್ಲ. ಬರೀ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಗೋಡೆಗೆ ಒಂಟಿ ಗೆರೆ, ಪೈಪಿಗೆ ಜೋಡಿ ಗೆರೆ. ಪೈಪಿನ ಗೆರೆಗೆ ಗೋಡೆ ಅಡ್ಡ ಬಂದರೆ ಗೋಡೆಯನ್ನು ಅಳಿಸುತ್ತಿದ್ದರು. ಹೀಗೆ ಒಂದು ಕೋಣೆ ಪೂರ್ತಿ ಅಳಿಸಿಹೋಯಿತು. ಆಮೇಲೆ ಒಂದು ದಿನ ನನ್ನನ್ನು ರಸ್ತೆಯಂಚಿಗೆ ನಿಲ್ಲಿಸಿದರು.

"ನೀನೀಗ ನೀರು. ನಡಿ."

"ಏನು?"

"ನೀರು ಕಣಲೇ. ಈ ಗೆರೆ ಮೇಲೆ ನಡ್ಕಂಡು ಬಾ. ಎಲ್ಲಿ ಸುಸ್ತಾಗ್ತೈತೆ ಹೇಳು."

ಎರಡು ಕಪ್ಪು ಗೆದ್ದವಳು ನಾನು, ರಣಬಿಸಿಲಿನಲ್ಲಿ ನೀರಾಗಿ ನಡೆದೆ. ಬೀದಿಯ ಅಷ್ಟೂ ಮನೆಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಗೆರೆ ತಿರುಗಿದ ಕಡೆ ನಾನು ಥಟ್ಟನೆ ತಿರುಗಿದರೆ ಮಾವ ಕೂಗಿದರು: "ಏ ಏ! ಹಂಗಲ್ಲ! ನೀರು ಪೋಲೀಸ್ನೋರ ಹಂಗೆ ತಿರುಗಲ್ಲ. ಸುಧಾರಿಸ್ಕಂಡು ತಿರುಗು!" ಗೆರೆಯ ಆ ತುದಿಯಲ್ಲಿ, ಮುಂದೆ ಎಂದೋ ಅಡಿಗೆಮನೆಯಾಗಲಿರುವ ಜಾಗದಲ್ಲಿ, ಒಂದು ಕಲ್ಲಿನ ಮೇಲೆ ಅತ್ತೆಯನ್ನು ಕೂರಿಸಿದ್ದರು. ಅವರು ನಲ್ಲಿ.

"ಬೇಗ ಬಾರೆ ತಾಯಿ," ಅತ್ತೆ ಸೆರಗು ತಲೆಗೆ ಹೊದ್ದು ಕೂಗಿದರು, "ನಲ್ಲಿ ಬಿಸ್ಲಿಗೆ ಕಾದು ಕೆಂಪಾಗೈತೆ!"

ಪೈಪು ಹಾಕಲು ಬಂದವರು ಚಿತ್ರದುರ್ಗದ ಬಾಷಾ ಸಾಬರು. ಕಬ್ಬಿಣದ ಪೈಪಿಗೆ ತಿರುಪಿನ ಗೆರೆ ಕೊರೆದು, ಸಣಬು ಸುತ್ತಿ, ಬಿಳಿ ಬಣ್ಣ ಬಳಿದು ಬಿಗಿ ಮಾಡಿದರೆ ಒಂದು ಹನಿ ಸೋರದು, ಅಂಥ ಕೈ. ಅವರ ಕೈಗೆ ಮಾವ ನಕ್ಷೆ ಕೊಟ್ಟರು. ಸಾಬರು ಅದನ್ನು ನೆಟ್ಟಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು.

"ಯಜಮಾನ್ರೆ, ಪೈಪು ಬಚ್ಚಲ ಮುಂದೇನೇ ಹೋಗ್ತಾ ಐತೆ. ಅಲ್ಲಿ ಬಚ್ಚಲಿಗೆ ಕೊಡದೆ ಅಡಿಗೆಮನೆ ತನಕ ಹೋಗಿ, ಮತ್ತೆ ವಾಪಸ್ ಬಚ್ಚಲಿಗೆ ಬರೋದಾ?"

"ಹೂಂ."

"ಹೋದ ದಾರೀಲೇ?"

"ಪಕ್ಕದ ದಾರೀಲಿ."

"ಪೈಪು ಡಬಲ್ ಆಗ್ತೈತಲ್ರೀ ಸಾಮಿ! ಯಾಕೆ ಇದು?"

"ಕಟ್ಟಕಡೇಗೆ ಇರೋರಿಗೆ ಮೊದ್ಲು ನೀರು. ನಮ್ಮ ನಾಲೆ ಪದ್ಧತಿ. ದಾರೀಲಿ ಬಚ್ಚಲಿಗೆ ಬಾಯಿ ಬಿಟ್ರೆ, ಅಲ್ಲೇ ಸೋರಿ ಒಲೆ ಮುಂದಕ್ಕೆ ಏನೂ ಉಳಿಯಲ್ಲ."

ಬಾಷಾ ಸಾಬರು ನನ್ನ ಕಡೆ ನೋಡಿ ಕಣ್ಣಲ್ಲೇ 'ಇವರು ಯಾವಾಗಿನಿಂದ ಹೀಗೆ?' ಎಂದು ಕೇಳಿದರು. ಹುಟ್ಟಿದಾಗಿನಿಂದ ಎಂದು ನಾನೂ ಕಣ್ಣಲ್ಲೇ ಹೇಳಿದೆ. ಸಾಬರು ಉಸಿರೆಳೆದುಕೊಂಡು ಪೈಪು ಕೊಯ್ಯಲು ಕುಳಿತರು.

ಆಗಲೇ ನನಗೆ ಮುಖ್ಯ ಪ್ರಶ್ನೆ ಸಿಕ್ಕಿದ್ದು. ಬಚ್ಚಲು ಇದ್ದದ್ದು ಮನೆಯ ಮುಂಭಾಗದಲ್ಲಿ, ರಸ್ತೆಯ ಮಟ್ಟದಲ್ಲಿ. ಅಡಿಗೆಮನೆ ಹಿಂದೆ, ಮೂರು ಮೆಟ್ಟಿಲು ಕೆಳಗೆ. ಬಂದ ನೀರಿಗೆ ಏರುವ ಶಕ್ತಿ ಇಲ್ಲ ಎಂದು ಹೇಳಿದವರು ಮಾವನೇ ತಾನೆ? ಹಾಗಾದರೆ ಕೆಳಗಿಳಿದ ನೀರು ಮತ್ತೆ ಮೇಲಿನ ಬಚ್ಚಲಿಗೆ ಏರುವುದು ಯಾವ ಶಕ್ತಿಯಿಂದ? ಎದುರಾಳಿಯನ್ನು ಅವನ ಮಾತಿನಿಂದಲೇ ಹಿಡಿಯಬೇಕು. ನನಗೆ ಬಾಯಲ್ಲಿ ನೀರೂರಿತು.

"ಮಾವ, ಬಚ್ಚಲಿಗೆ ನೀರು ಹೆಂಗೆ ಬರ್ತೈತೆ?"

"ಬರ್ತೈತೆ ಬಿಡು."

"ಹೆಂಗೆ ಅಂತ?"

"ಬರ್ತೈತೆ."

"ಬಚ್ಚಲನ್ನೂ ಕೆಳಗೇ ಮಾಡಿದ್ರೆ?"

"ಚರಂಡಿ ಎಲ್ಲೈತೆ? ರಸ್ತೇಲಿ. ಮಿಂದ ನೀರು ಚರಂಡಿಗೆ ಹೋಗ್ಬೇಕು ಅಂದ್ರೆ ಬಚ್ಚಲು ಮೇಲಿರ್ಬೇಕು. ಒಳಕ್ಕೆ ಬರೋ ನೀರಿಗೆ ಮನೆ ತಗ್ಗಿರ್ಬೇಕು, ಹೊರಕ್ಕೆ ಹೋಗೋ ನೀರಿಗೆ ಎತ್ತರ ಇರ್ಬೇಕು. ಎರಡೂ ಐತೆ. ಇನ್ನೇನು?"

"ಎರಡರ ನಡುವೆ ಮೂರು ಮೆಟ್ಲು ಐತೆ!"

"ಐತೆ" ಎಂದು ಒಪ್ಪಿಕೊಂಡು ಮಾವ ಬೀಡಿ ಹಚ್ಚಿದರು. ಒಪ್ಪಿಕೊಂಡವರ ಜೊತೆ ವಾದ ಮಾಡುವುದು ಹೇಗೆಂದು ನಮ್ಮ ಕಾಲೇಜಿನಲ್ಲಿ ಹೇಳಿಕೊಟ್ಟಿರಲಿಲ್ಲ.

ಅಡಿಗೆಮನೆಯ ಗೋಡೆ ಎದ್ದಿತು. ಅಲ್ಲಿ ಎರಡು ನಲ್ಲಿ. ಒಂದು ಒಲೆಯ ಪಕ್ಕ, ಕುಳಿತಲ್ಲಿಂದಲೇ ಬಲಗೈಗೆ ಸಿಗುವ ಹಾಗೆ, ಕೆಳಗೆ ಚೊಂಬು ಹಿಡಿಯುವಷ್ಟೇ ಜಾಗ. ಅದಕ್ಕೆ ಅತ್ತೆಯನ್ನು ಒಲೆಯ ಮುಂದೆ ಕೂರಿಸಿ, ಕೈ ಚಾಚಿಸಿ, ಬೆರಳ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಅದು ಸರಿಯೇ. ಇನ್ನೊಂದು ಬಾಗಿಲ ಹತ್ತಿರ. ಅದರ ಕೆಳಗೆ ಕೊಡ ಇಡಲು ಒಂದು ಕಲ್ಲಿನ ಕಟ್ಟೆ. ಅದರ ಎತ್ತರ ಗೊತ್ತುಮಾಡಲು ನನ್ನನ್ನು ಕರೆದರು. ನಾನೂ ಅತ್ತೆಯೂ ಒಂದೇ ಎತ್ತರ, ಇಬ್ಬರೂ ಮಾವನ ಹೆಗಲಿಗೂ ಬರುವುದಿಲ್ಲ. ಮಾವನ ಹತ್ತಿರ ನಾಲೆಯ ನೀರಿನ ಮಟ್ಟ ಅಳೆಯುವ ಹಳೇ ಕೋಲೊಂದಿತ್ತು, ಅಡಿ ಅಂಗುಲಗಳ ಗುರುತಿನದು. ನನ್ನ ಸೊಂಟಕ್ಕೆ ಒಂದು ಕೊಡ ಏರಿಸಿ, ಕೋಲನ್ನು ನನ್ನ ಪಕ್ಕ ನೆಟ್ಟಗೆ ಹಿಡಿದರು.

"ಮಾವ, ನಾನೇನು ಕೆರೆನಾ?"

"ಮಾತಾಡ್ಬೇಡ. ನೀರು ಅಲುಗಾಡ್ತೈತೆ."

ಸೊಂಟದ ಮಟ್ಟ ನೋಡಿದರು. ಆಮೇಲೆ ಕೊಡವನ್ನು ಆ ಮಟ್ಟಕ್ಕೆ ಪೇರಿಸಿದ ಇಟ್ಟಿಗೆಗಳ ಮೇಲೆ ಇಟ್ಟು ಎತ್ತು ಎಂದರು. ಎತ್ತಿದೆ. ಇನ್ನೆರಡು ಇಟ್ಟಿಗೆ ಹಾಕಿದರು; ಎತ್ತಿದೆ. ಇನ್ನೆರಡು, ತೋಳು ನಡುಗಿತು, ಕೊಡ ವಾಲಿ ಅರ್ಧ ನೀರು ನನ್ನ ಸೀರೆಯ ಮೇಲೆ! ಮಾವ ಬಹಳ ಸಂತೋಷದಿಂದ ತಲೆಯಾಡಿಸಿ, ಬೀಡಿಕಟ್ಟಿನ ಕಾಗದದ ಮೇಲೆ ಏನೋ ಬರೆದುಕೊಂಡರು. ಮೂರು ದಿನದಲ್ಲಿ ಕಟ್ಟೆ ಆಯಿತು. ಪಕ್ಕ ಹೋಗಿ ನಿಂತರೆ ನನ್ನ ಹೊಟ್ಟೆ ದಾಟಿ ಮೇಲಕ್ಕೆ ಬಂದಿದೆ!

"ಮಾವ, ಅಳತೆ ತಪ್ಪೈತೆ. ಇಷ್ಟು ಎತ್ತರದಿಂದ ಅತ್ತೆ ಕೊಡ ಎತ್ತೋಕೆ ಆಗಲ್ಲ. ಆ ಕೈಲಂತೂ ಆಗೋದೇ ಇಲ್ಲ."

"ಹೌದಾ? ಇರ್ಲಿ ಬಿಡು."

ಇಪ್ಪತ್ತಾರು ವರ್ಷ ಅಂಗುಲ ಅಂಗುಲ ನೀರು ಅಳೆದ ಮನುಷ್ಯನಿಗೆ ಒಂದು ಕಟ್ಟೆಯ ಅಳತೆ ತಪ್ಪಿತು. ನನಗೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನೆಲ ಹಾಸಿದ ದಿನ ನಿಂಬೆಹಣ್ಣಿನ ಪರೀಕ್ಷೆ. ಮಾವ ಬೀದಿಬಾಗಿಲ ಹೊಸ್ತಿಲ ಒಳಗೆ ಒಂದು ನಿಂಬೆಹಣ್ಣು ಇಟ್ಟು ಕೈ ಬಿಟ್ಟರು. ಅದು ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಉರುಳಿ, ಪಡಸಾಲೆ ದಾಟಿ, ನಡುಮನೆ ದಾಟಿ, ಮೂರು ಮೆಟ್ಟಿಲು ಟಪ್ ಟಪ್ ಟಪ್ ಎಂದು ಇಳಿದು, ಒಲೆಯ ಮುಂದೆ ಹೋಗಿ ನಿಂತಿತು. ಮಾವ ಅದರ ಹಿಂದೆಯೇ ಮಗುವನ್ನು ನಡೆಸುವ ಹಾಗೆ ಬಗ್ಗಿಕೊಂಡು ಹೋದರು! ಇಡೀ ಮನೆಗೇ ವಾಟ. ಅಂದಿನಿಂದ ಆ ಮನೆಯಲ್ಲಿ ಏನು ಕಳೆದರೂ ಹುಡುಕುವ ಕೆಲಸವಿಲ್ಲ. ಅಂಗಿಯ ಗುಂಡಿ, ಪೆನ್ಸಿಲ್ಲು, ಅಡಿಕೆ, ಹೀಗೆ ಉರುಳುವ ಎಲ್ಲ ಪದಾರ್ಥವೂ, ಮಾವನ ಬೆಂಕಿಪೊಟ್ಟಣ ಒಂದನ್ನು ಬಿಟ್ಟು, ಅತ್ತೆಯ ಕಾಲ ಹತ್ತಿರ ಸಿಗುತ್ತದೆ. "ಬಂದ್ಯೇನಪ್ಪ, ಬಾ" ಎಂದು ಅತ್ತೆ ಅವನ್ನೆಲ್ಲ ಒಂದು ಡಬ್ಬಿಗೆ ಹಾಕಿಡುತ್ತಾರೆ.

ನಗು ಸರಿ. ಆದರೆ ನನಗೆ ಆ ಮೂರು ಮೆಟ್ಟಿಲು ಚುಚ್ಚುತ್ತಿತ್ತು. ಗೃಹಪ್ರವೇಶಕ್ಕೆ ಒಂದು ವಾರ ಇದ್ದಾಗ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಲ್ಲೇ ಮತ್ತೆ ಕೇಳಿದೆ.

"ಮಾವ, ಮೂರನೇ ಸಲ ಕೇಳ್ತಿದೀನಿ. ಬಚ್ಚಲಿಗೆ ನೀರು ಹೆಂಗೆ ಬರ್ತೈತೆ?"

"ಬರ್ತೈತೆ ಅಂದ್ನಲ್ಲ."

"ಬರಲ್ಲ. ಬರದಿದ್ರೆ ಯಾರು ಹೊರ್ತಾರೆ? ಅತ್ತೆ! ದಿನಾ ಬಚ್ಚಲ ಹಂಡೆ ಯಾರು ತುಂಬಿಸ್ತಾರೆ? ಅತ್ತೆ! ಮಾರಿಕಣಿವೇಲಿ ಹನ್ನೆರಡು ಮೆಟ್ಲು ಹತ್ತಿಸಿದ್ರಿ. ಇಲ್ಲಿ ಮೂರು ಹತ್ತಿಸ್ತೀರಿ. ಇಷ್ಟೆಲ್ಲ ಪೈಪು, ಇಷ್ಟೆಲ್ಲ ವಾಟ, ಇಷ್ಟು ದೊಡ್ಡ ನಾಟಕ, ಎಲ್ಲ ಸೇರಿ ಉಳಿದಿದ್ದು ಒಂಬತ್ತು ಮೆಟ್ಲು. ಅಷ್ಟೇ!"

ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಮಾವನ ಕೈಯ ತುತ್ತು ನಿಂತಿತು. ಅತ್ತೆ ಗಡಿಬಿಡಿಯಿಂದ, "ಬಿಡೇ ತಾಯಿ, ಒಲೆ ಮುಂದಕ್ಕೆ ಬಂತಲ್ಲ, ಅದೇ ದೊಡ್ಡದು. ಬಚ್ಚಲಿಗೆ ಮೂರು ಮೆಟ್ಲು ತಾನೆ, ನಾನೇ ಒಯ್ತೀನಿ" ಎಂದರು. ಅದನ್ನು ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಮಾವ ಕೈ ತೊಳೆದು, ಅಳತೆ ಕೋಲು ತೆಗೆದುಕೊಂಡು ಕಟ್ಟೆಯ ಹತ್ತಿರ ಹೋಗಿ ಇನ್ನೊಂದು ಸಲ ಅಳೆದು ಬಂದರು. ವಾದದಲ್ಲಿ ಸೋತವರು ಏನಾದರೂ ಕೆಲಸ ಮಾಡುವವರ ಹಾಗೆ ಕಾಣಿಸಬೇಕಲ್ಲ, ಎಂದುಕೊಂಡೆ.

ಗೃಹಪ್ರವೇಶದ ದಿನವೇ ನಮ್ಮ ಬೀದಿಯ ಕೊಳವೆಗೆ ಮೊದಲ ಸಲ ನೀರು ಬಿಡುವುದೆಂದು ಗೊತ್ತಾಗಿತ್ತು. ಪುರೋಹಿತರು ಬಾಗಿಲಿಗೆ ಪೂಜೆ ಮಾಡಲು ಬಂದರೆ ಮಾವ ಅವರನ್ನು ಸೀದಾ ಒಲೆಯ ಪಕ್ಕದ ನಲ್ಲಿಯ ಮುಂದೆ ಕೂರಿಸಿದರು. ನಾಲೆಗೆ ನೀರು ಬಿಡುವಾಗ ತೂಬಿಗೆ ಮಾಡುವ ಹಾಗೆ ಹಿತ್ತಾಳೆ ನಲ್ಲಿಗೆ ಅರಿಶಿನ, ಕುಂಕುಮ, ಹೂವು, ಕಾಯಿ. "ನಲ್ಲಿಗೆ ಯಾವ ಮಂತ್ರ ಹೇಳ್ಬೇಕು ಯಜಮಾನ್ರೆ?" ಎಂದು ಪುರೋಹಿತರು ಮೆಲ್ಲಗೆ ಕೇಳಿದರು. "ನೀರಿಗೆ ಹೇಳೋದೇ ಹೇಳ್ರಿ. ಅದು ಎಲ್ಲಿದ್ರೂ ಕೇಳಿಸ್ಕಳ್ತೈತೆ."

ಹತ್ತು ಗಂಟೆಗೆ ಬೀದಿಯಲ್ಲಿ ಗದ್ದಲವಾಯಿತು. ನೀರು ಬಿಟ್ಟರಂತೆ! ಎತ್ತರಕ್ಕೆ ಮಣ್ಣು ತುಂಬಿ ಮನೆ ಕಟ್ಟಿದವರೆಲ್ಲ ನಲ್ಲಿ ತಿರುಗಿಸಿದರು. ಬುಸ್ ಎಂದು ಗಾಳಿ ಬಂತು. ಎಡಮನೆಯಲ್ಲಿ ಗಾಳಿ, ಬಲಮನೆಯಲ್ಲಿ ಗಾಳಿ, ಎದುರುಮನೆಯಲ್ಲಿ ಎರಡು ಹನಿ ಮತ್ತು ಗಾಳಿ. ಮಾವ ಅತ್ತೆಯನ್ನು ಕರೆದು, "ನೀನೇ ತಿರುಗ್ಸು" ಎಂದರು. ಅತ್ತೆ ಒಲೆಯ ಮುಂದೆ ಕುಳಿತು ಬಲಗೈ ಚಾಚಿದರು. ಕೈ ಸರಿಯಾಗಿ ನಲ್ಲಿಯ ಮೇಲೇ ಹೋಗಿ ಕುಳಿತಿತು. ಮೊದಲು ಕೆಂಪು ನೀರು ಉಗುಳಿತು, ಕೆಮ್ಮಿತು, ಆಮೇಲೆ ತಿಳಿಯಾಗಿ, ತಣ್ಣಗೆ, ಬೆರಳು ದಪ್ಪ ಧಾರೆ!

ಅತ್ತೆ ಒಂದು ಚೊಂಬು ಹಿಡಿದು ತುಂಬಿಸಿದರು. ಒಲೆಯ ಮುಂದೆ ಇಟ್ಟರು. ಅದನ್ನೇ ನೋಡುತ್ತ ಕುಳಿತರು. ಮಾವ ಮೂಗು ಒರೆಸಿಕೊಂಡು "ಹೊಗೆ" ಎಂದರು. ಒಲೆ ಇನ್ನೂ ಹಚ್ಚಿರಲಿಲ್ಲ.

ಮೊದಲ ಸುತ್ತು ನಾನು ಸೋತೆ. ಆದರೆ ಎರಡನೇ ಸುತ್ತು ಬಾಕಿ ಇತ್ತಲ್ಲ? ಬಚ್ಚಲಿಗೆ ಓಡಿದೆ. ನಲ್ಲಿ ತಿರುಗಿಸಿದೆ. ಗೊರ್ ಎಂದು ಗೊರಕೆ ಹೊಡೆಯಿತು, ಅಷ್ಟೇ. ಒಂದು ಹನಿ ಇಲ್ಲ!

"ಮಾವ! ಬರ್ಲಿಲ್ಲ!" ಎಂದು ಅಲ್ಲಿಂದಲೇ ಕೂಗಿದೆ. ಬಾಷಾ ಸಾಬರು ಓಡಿ ಬಂದು ನಲ್ಲಿಗೆ ಕಿವಿ ಕೊಟ್ಟು ಕೇಳಿ, "ನಾನು ಅವತ್ತೇ ಯಾಕೆ ಅಂತ ಕೇಳಿದ್ದೆ" ಎಂದರು. ಮಾವ ಮಾತ್ರ ಬಂದ ಬೀಗರಿಗೆ ಬೂಂದಿ ಬಡಿಸುತ್ತಿದ್ದರು, ಬಿದ್ದ ಕಾಳುಗಳು ಸಾಲಾಗಿ ಅಡಿಗೆಮನೆಯ ಕಡೆ ಉರುಳುತ್ತಿದ್ದವು.

ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಆಗಲೇ ಪಡಸಾಲೆಗೆ ಬಂದಿತ್ತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ನಾನು ಹೇಳಿದ್ದೇ ಆಯಿತು, ಅತ್ತೆ ಹೊರುತ್ತಿದ್ದಾರೆ ಎಂದುಕೊಂಡು ಎದ್ದು ಧಡಧಡ ಹೋದೆ. ಜಗಳಕ್ಕೆ ಮೊದಲ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ.

ಅತ್ತೆ ಒಲೆಯ ಮುಂದೆ ಕುಳಿತು ಕಾಫಿಗೆ ನೀರು ಹಿಡಿಯುತ್ತಿದ್ದರು. ಮಾವ ಬನಿಯನ್ನಿನಲ್ಲಿ, ಪಂಚೆ ಎತ್ತಿ ಕಟ್ಟಿ, ಆ ಎತ್ತರದ ಕಟ್ಟೆಯ ಮುಂದೆ ನಿಂತಿದ್ದರು. ಕೊಡ ತುಂಬಿತು. ಬಗ್ಗಲಿಲ್ಲ, ತಿಣುಕಲಿಲ್ಲ, ಎದುರಿಗೇ ಇದ್ದ ಕೊಡವನ್ನು ಎಳೆದುಕೊಂಡು ಹೆಗಲಿಗೆ ಹಾಕಿಕೊಂಡರು. ಕಟ್ಟೆ ಸರಿಯಾಗಿ ಅವರ ಸೊಂಟದ ಮಟ್ಟಕ್ಕಿತ್ತು. ಮೂರು ಮೆಟ್ಟಿಲು ಹತ್ತಿ, ನನ್ನನ್ನು ದಾಟಿ, ಬಚ್ಚಲ ಹಂಡೆಗೆ ಸುರಿದು, ಮತ್ತೆ ಇಳಿದು ಬಂದರು.

"ಏನಲೇ ಹಂಗೆ ನೋಡ್ತೀಯಾ? ಬಚ್ಚಲಿಗೆ ನೀರು ಹೆಂಗೆ ಬರ್ತೈತೆ ಅಂತ ಕೇಳ್ತಿದ್ದೆಯಲ್ಲ. ಹಿಂಗೆ ಬರ್ತೈತೆ."

"ಮಾವ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ನೀರು ಏರಲ್ಲ ಅಂತ ಗೊತ್ತಿರ್ಲಾರದೇನು ನೀರುಗಂಟಿಗೆ?" ಕೊಡವನ್ನು ಮತ್ತೆ ನಲ್ಲಿಯ ಕೆಳಗಿಟ್ಟರು. ಅತ್ತೆಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಇಪ್ಪತ್ತಾರು ವರ್ಷ ಅವಳ ಸರದಿ ಆತು. ಈಗ ನಂದು. ಊರೋರ ಸರದಿಯೆಲ್ಲ ನೆಟ್ಟಗೆ ನಡೆಸ್ದೆ, ಮನೇದೊಂದು ತಪ್ಪಿಹೋಗಿತ್ತು."

ನಾನು ಇಳಿದು ಹೋಗಿ, ಆಗಷ್ಟೇ ತುಂಬಿದ್ದ ಆ ಕೊಡಕ್ಕೆ ಕೈ ಹಾಕಿದೆ. ತೋಳು ಮೇಲೆತ್ತಿ ಎಳೆದುಕೊಂಡರೂ ಅದು ಕಟ್ಟೆಯಿಂದ ಅಲುಗಲಿಲ್ಲ.

"ಕೈ ಬಿಡು," ಎಂದರು ಮಾವ. "ನಿಂಗೂ ಎತ್ತೋಕಾಗಲ್ಲ, ನಿಮ್ಮತ್ತೆಗೂ ಎತ್ತೋಕಾಗಲ್ಲ. ಮತ್ತೆ ಅವತ್ತು ನಿನ್ನ ಅಳೆದಿದ್ದು ಯಾಕೆ ಅಂದ್ಕಂಡಿದ್ದೆ? ಬೇಡ ಅಂದ್ರೆ ಕೇಳೋಳಲ್ಲ ಅವಳು. ನಾನಿಲ್ದಾಗ ಹೊರ್ತಾಳೆ."

ಪ್ರತಿವಾದಕ್ಕೆ ನನಗೆ ಬೇಕಾದಷ್ಟು ಸಮಯವಿತ್ತು. ಗಂಟೆ ಬಾರಿಸುವವರೂ ಇರಲಿಲ್ಲ. ನಾನು ಕೈ ತೆಗೆದೆ. ಮಾವ ಕೊಡವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಗೆ ಕಾಲಿಟ್ಟರು.

ಅತ್ತೆ ಒಲೆಯ ಕಡೆಗೇ ಮುಖ ಮಾಡಿ ಕುಳಿತಿದ್ದರು. ತಿರುಗಿ ನೋಡಲಿಲ್ಲ. ಆ ಸೊಟ್ಟಗೈಯಲ್ಲಿ ಊದುಗೊಳವೆ ಹಿಡಿದುಕೊಂಡೇ ಹೇಳಿದರು:

"ನೋಡ್ಕಂಡು ಹತ್ರಿ. ಮೆಟ್ಲು ಒದ್ದೆ ಐತೆ."